ಸ್ಕ್ಯಾನರ್‌ಗೆ ಕಾರು ಉತ್ತರಿಸುತ್ತಿಲ್ಲವೇ? ಇಸಿಯುಗೆ ಬೈಯುವ ಮೊದಲು ಫ್ಯೂಸ್ ನೋಡಿ

ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿದೆ. ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟ್‌ಗೆ (ಕಾರಿನ ದೋಷಗಳನ್ನು ಓದುವ ಸಾಕೆಟ್) ಸ್ಕ್ಯಾನರ್ ಸಿಕ್ಕಿಸಿದರೆ ಅದು ಒಂದಷ್ಟು ಹೊತ್ತು ಹುಡುಕಾಡಿ ‘ಸಂಪರ್ಕ ವಿಫಲ’ ಎಂದು ಕೈಚೆಲ್ಲುತ್ತದೆ. ಇಷ್ಟಾದ ಕೂಡಲೇ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಹೋಯಿತು ಎಂದು ಎದೆ ಒಡೆದುಕೊಳ್ಳುವವರೇ ಜಾಸ್ತಿ. ಇಸಿಯು ಕೆಡುವುದು ಅಪರೂಪ. ಸ್ಕ್ಯಾನರ್‌ಗೆ ಕರೆಂಟೇ ಬರದಿರಬಹುದು, ಬಂದರೂ ಮೊಬೈಲ್ ಜೊತೆ ಅದು ಜೋಡಿಯಾಗದಿರಬಹುದು, ಇಲ್ಲವೇ ಕಾರೇ ಉತ್ತರ ಕೊಡದಿರಬಹುದು. ಮೂರಕ್ಕೂ ತೆರೆಯ ಮೇಲೆ ಬರುವ ಸಂದೇಶ ಹೆಚ್ಚುಕಡಿಮೆ ಒಂದೇ. ಹಾಗಾಗಿ ಮೊದಲ ಕೆಲಸ ಇವುಗಳಲ್ಲಿ ಯಾವುದು ಎಂದು ಬೇರ್ಪಡಿಸುವುದು.

ಕೀ ತಿರುಗಿಸಿ ಇಗ್ನಿಷನ್ ಆನ್ ಸ್ಥಿತಿಗೆ ತನ್ನಿ. ಎಂಜಿನ್ ಓಡಬೇಕಿಲ್ಲ, ಆದರೆ ಡ್ಯಾಶ್‌ಬೋರ್ಡ್ ದೀಪಗಳೆಲ್ಲ ಹೊತ್ತಬೇಕು. ಬಟನ್ ಸ್ಟಾರ್ಟ್ ಕಾರಾದರೆ ಬ್ರೇಕ್ ಒತ್ತದೆ ಬಟನ್ ಒತ್ತಿ. ಕೆಲವು ಕಾರುಗಳಲ್ಲಿ ಮೊದಲ ಒತ್ತಿಗೆ ರೇಡಿಯೊ ಮಾತ್ರ ಎಚ್ಚರಗೊಳ್ಳುತ್ತದೆ, ಇಸಿಯು ಇನ್ನೂ ಮಲಗಿರುತ್ತದೆ, ಮತ್ತೊಮ್ಮೆ ಒತ್ತಬೇಕು. ಅನುಕೂಲವಿದ್ದರೆ ಅದೇ ಸ್ಕ್ಯಾನರನ್ನು ಇನ್ನೊಂದು ಕಾರಿಗೆ ಹಾಕಿ ನೋಡಿ. ಅಲ್ಲಿ ಕೆಲಸ ಮಾಡಿದರೆ ಸ್ಕ್ಯಾನರ್ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು.

ಸ್ಕ್ಯಾನರ್ ದೀಪವೇ ಹೊತ್ತದಿದ್ದರೆ

ಸಾಮಾನ್ಯವಾಗಿ ಇದು ಫ್ಯೂಸ್‌ನ ಕಥೆ. ಪೋರ್ಟ್‌ಗೆ ಕರೆಂಟ್ ಕೊಡುವ ಫ್ಯೂಸ್ ಹಲವು ಕಾರುಗಳಲ್ಲಿ ಸಿಗರೇಟ್ ಲೈಟರ್ ಸಾಕೆಟ್‌ಗೂ ಅದೇ. ಆ ಸಾಕೆಟ್‌ನೊಳಗೆ ಒಂದು ನಾಣ್ಯ ಬಿದ್ದರೂ ಸಾಕು, ಕೆಟ್ಟ ಚಾರ್ಜರ್ ಸಿಕ್ಕಿಸಿದರೂ ಸಾಕು, ಫ್ಯೂಸ್ ಸುಡುತ್ತದೆ. ಕಾರು ಎಂದಿನಂತೆ ಓಡುತ್ತಲೇ ಇರುವುದರಿಂದ ಫ್ಯೂಸ್ ಹೋಗಿದೆಯೆಂದು ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಸಾಕೆಟ್‌ನಲ್ಲಿ ಮೊಬೈಲ್ ಚಾರ್ಜ್ ಆಗುತ್ತಿಲ್ಲವಾದರೆ ಅಲ್ಲೇ ಸುಳಿವು ಸಿಕ್ಕಿತು. ಫ್ಯೂಸ್ ಬಾಕ್ಸ್‌ನ ಮುಚ್ಚಳದ ಒಳಬದಿಯ ನಕ್ಷೆ ನೋಡಿ, ಅಷ್ಟೇ ಆಂಪಿಯರಿನ ಹೊಸ ಫ್ಯೂಸ್ ಹಾಕಿ. ಅದೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ದೊಡ್ಡ ಫ್ಯೂಸ್ ಹಾಕಿ ಜಯಿಸಲು ಹೋಗಬೇಡಿ, ವೈರೇ ಸುಡುತ್ತದೆ.

ಫ್ಯೂಸ್ ಸರಿಯಿದೆಯೇ? ಹಾಗಾದರೆ ಟಾರ್ಚ್ ಹಿಡಿದು ಪೋರ್ಟ್ ಒಳಗೆ ಇಣುಕಿ. ಅಗಲವಾದ ಬದಿ ಮೇಲೆ ಬರುವಂತೆ ಊಹಿಸಿಕೊಂಡರೆ ಮೇಲಿನ ಸಾಲಿನಲ್ಲಿ ಎಡದಿಂದ 1ರಿಂದ 8ನೇ ಪಿನ್‌ಗಳು, ಕೆಳಗಿನ ಸಾಲಿನಲ್ಲಿ 9ರಿಂದ 16. ಕೆಲವು ಕಾರುಗಳಲ್ಲಿ ಪೋರ್ಟನ್ನೇ ತಲೆಕೆಳಗಾಗಿ ಕೂರಿಸಿರುತ್ತಾರೆ, ಅದಕ್ಕೇ ಅಗಲದ ಬದಿಯನ್ನು ಗುರುತು ಮಾಡಿಕೊಳ್ಳಬೇಕು. 16ಕ್ಕೆ ಬ್ಯಾಟರಿಯ ಪಾಸಿಟಿವ್ ಬರುತ್ತದೆ, 4 ಮತ್ತು 5 ಗ್ರೌಂಡ್. ಮಲ್ಟಿಮೀಟರಿನಲ್ಲಿ 16 ಮತ್ತು 4ರ ನಡುವೆ, ಆಮೇಲೆ 16 ಮತ್ತು 5ರ ನಡುವೆ ಅಳೆಯಿರಿ. ಎರಡು ಕಡೆಯೂ ಬ್ಯಾಟರಿಯಷ್ಟೇ ವೋಲ್ಟ್ ಸಿಗಬೇಕು.

ಇಲ್ಲೊಂದು ಮೋಸವಿದೆ. ತುಕ್ಕು ಹಿಡಿದ ಗ್ರೌಂಡ್ ವೈರಿನಲ್ಲೂ ಮಲ್ಟಿಮೀಟರ್ 12 ವೋಲ್ಟ್ ತೋರಿಸಿಬಿಡಬಹುದು, ಏಕೆಂದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. 16 ಮತ್ತು 4ರ ನಡುವೆ ಸಣ್ಣ ಟೆಸ್ಟ್ ಲ್ಯಾಂಪ್ ಜೋಡಿಸಿ. ದೀಪ ಮಂಕಾಗಿ ಉರಿದರೆ ದೋಷ ವೈರಿನಲ್ಲೇ ಇದೆ. ಈ ಲ್ಯಾಂಪನ್ನು ಡೇಟಾ ಪಿನ್‌ಗಳಿಗೆ ಮಾತ್ರ ತಾಗಿಸಬೇಡಿ. ದಪ್ಪ ಪ್ರೋಬ್ ತುರುಕುವುದೂ ಬೇಡ. ಯಾರೋ ಹಿಂದೆ ಹಾಗೆ ತುರುಕಿದ್ದರಿಂದಲೇ ಪಿನ್ ಅಗಲವಾಗಿ, ಸ್ಕ್ಯಾನರ್ ಅಲ್ಲಾಡಿಸಿದಾಗ ಮಾತ್ರ ದೀಪ ಬರುವ ಕಾರುಗಳಿವೆ.

ದೀಪ ಇದೆ, ಮೊಬೈಲ್‌ಗೆ ಸಿಗುತ್ತಿಲ್ಲ

ಹಳೆಯ ಮಾದರಿಯ ಬ್ಲೂಟೂತ್ ಅಡಾಪ್ಟರನ್ನು (ಮೊಬೈಲ್ ಜೊತೆ ಬಳಸುವ ಸ್ಕ್ಯಾನರ್) ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಜೋಡಿಸಬೇಕು. ಅದು ಕೇಳುವ ಪಾಸ್‌ಕೋಡ್ ಸಾಮಾನ್ಯವಾಗಿ 1234 ಅಥವಾ 0000. ಆಮೇಲೆ ಆ್ಯಪ್ ಒಳಗೂ ಅದನ್ನೇ ಆರಿಸಬೇಕು, ಈ ಎರಡನೆಯದನ್ನು ಮರೆಯುವವರು ಬಹಳ. ಇಂಥ ಅಗ್ಗದ ಅಡಾಪ್ಟರ್‌ಗಳು ಐಫೋನಿಗೆ ಒಗ್ಗುವುದಿಲ್ಲ, ವೈಫೈ ಅಥವಾ ಬ್ಲೂಟೂತ್ ಲೋ ಎನರ್ಜಿಯದ್ದೇ ಬೇಕು. ವೈಫೈ ಆದರೆ ‘ಇಂಟರ್ನೆಟ್ ಇಲ್ಲ’ ಎಂದು ಫೋನ್ ತಾನೇ ಬಿಟ್ಟುಬಿಡುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿ ನೋಡಿ. ಒಂದು ಹೊತ್ತಿಗೆ ಒಂದೇ ಆ್ಯಪ್ ತೆರೆದಿರಲಿ.

ಫೋನ್ ಜೋಡಿಯಾಗಿದೆ, ಕಾರು ಮಾತಾಡುತ್ತಿಲ್ಲ

ಕಾರಿನ ವಯಸ್ಸು ನೋಡಿ. ಓಬಿಡಿ ಎರಡನೇ ಪೀಳಿಗೆ ಅಮೆರಿಕದಲ್ಲಿ 1996ರಿಂದ ಕಡ್ಡಾಯ. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ, ಡೀಸೆಲ್‌ಗೆ ಅದಾದ ಮೇಲೆ ಬಂತು. ಅದಕ್ಕಿಂತ ಹಳೆಯ ಕಾರಿನಲ್ಲಿ 16 ಪಿನ್‌ಗಳ ಪೋರ್ಟ್ ಕಂಡರೂ ಒಳಗಿನ ಭಾಷೆ ಬೇರೆಯಿರಬಹುದು. ಇಎಲ್‌ಎಂ327 ಎಂಬ ಚಿಪ್‌ನ ಹೆಸರು ಹೊತ್ತ ನಕಲಿ ಅಡಾಪ್ಟರ್‌ಗಳಂತೂ ಇಂಥ ಕೆಲವು ಹಳೆಯ ಭಾಷೆಗಳನ್ನು, ಅಂದರೆ ಪ್ರೊಟೊಕಾಲ್‌ಗಳನ್ನು, ಅರ್ಥವೇ ಮಾಡಿಕೊಳ್ಳುವುದಿಲ್ಲ. ಆ್ಯಪ್‌ನಲ್ಲಿ ‘ಆಟೊ’ ಬಿಟ್ಟು ಪ್ರೊಟೊಕಾಲನ್ನು ಕೈಯಾರೆ ಆರಿಸಿ ನೋಡಿ. ಬ್ಯಾಟರಿ ಸೋತಿದ್ದರೂ ಇದೇ ಗತಿ: ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು.

ಆಮೇಲೆ ಹೊರಗಿನಿಂದ ಹಾಕಿಸಿದ ಅಲಾರಂ, ಟ್ರ್ಯಾಕರ್, ಸ್ಟೀರಿಯೊ. ಇವುಗಳ ವೈರನ್ನು ಪೋರ್ಟ್‌ನ ಹಿಂದೆಯೇ ಕಚ್ಚಿಸಿರುವುದುಂಟು. ಕಳಚಿ ಮತ್ತೆ ಪ್ರಯತ್ನಿಸಿ.

ಇಷ್ಟಾದರೂ ಮೌನವೇ ಆದರೆ ಕ್ಯಾನ್ ಲೈನ್, ಅಂದರೆ ಕಾರಿನ ಮಾಡ್ಯೂಲ್‌ಗಳು (ಇಸಿಯುನಂಥ ಕಂಪ್ಯೂಟರ್‌ಗಳು) ಪರಸ್ಪರ ಮಾತಾಡುವ ಎರಡು ವೈರ್, ಅಳೆಯುವ ಹೊತ್ತು. ಪೋರ್ಟ್‌ನಲ್ಲಿ ಇದು 6ನೇ ಪಿನ್ ಮತ್ತು ಅದರ ನೇರ ಕೆಳಗಿರುವ 14ರ ಜೋಡಿ. ಸ್ಕ್ಯಾನರ್ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ (ರೇಡಿಯೊ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ), ಕೆಲವು ನಿಮಿಷ ಬಿಟ್ಟು ಇವೆರಡರ ನಡುವೆ ಓಮ್ ಅಳೆಯಿರಿ. ಲೈನಿನ ಎರಡು ತುದಿಯಲ್ಲೂ 120 ಓಮ್ ರೆಸಿಸ್ಟರ್ ಇರುವುದರಿಂದ ಒಟ್ಟು 60ರ ಆಸುಪಾಸು ಬರಬೇಕು. 120 ಬಂದರೆ ಎಲ್ಲೋ ವೈರ್ ತುಂಡಾಗಿ ಒಂದು ತುದಿ ಕಳಚಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ, ಅಥವಾ ಯಾವುದೋ ಮಾಡ್ಯೂಲ್ ಒಳಗೇ ಸುಟ್ಟಿದೆ. ಮಾಡ್ಯೂಲ್‌ಗಳ ಕನೆಕ್ಟರ್ ಒಂದೊಂದಾಗಿ ಬಿಚ್ಚುತ್ತಾ ಮೀಟರ್ ಮೇಲೆ ಕಣ್ಣಿಡಿ, ಯಾವುದನ್ನು ಬಿಚ್ಚಿದಾಗ ಅಂಕಿ ಮೇಲೇರುತ್ತದೋ ಅದೇ ಕಳ್ಳ. ಏರ್‌ಬ್ಯಾಗ್ ಕನೆಕ್ಟರ್ ಮಾತ್ರ ಮುಟ್ಟಬೇಡಿ, ಅದನ್ನು ಬಲ್ಲವರಿಗೆ ಬಿಡಿ. ಪೋರ್ಟ್ ಮತ್ತು ಉಳಿದ ಜಾಲದ ನಡುವೆ ಗೇಟ್‌ವೇ (ಸಂದೇಶಗಳನ್ನು ದಾಟಿಸುವ ಮಾಡ್ಯೂಲ್) ಇರುವ ಹೊಸ ಕಾರುಗಳಲ್ಲಿ ಈ ಅಂಕಿ ಬೇರೆ ಇರಬಹುದು, ಆ ಮಾದರಿಯ ವೈರಿಂಗ್ ನಕ್ಷೆ ನೋಡಿಯೇ ತೀರ್ಮಾನಿಸಿ.

ಲೈನ್ ಸರಿಯಿದ್ದರೆ ಮಾತ್ರ ಇಸಿಯು ಸರದಿ. ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಕ್ಷಣಮಾತ್ರವೂ ಹೊತ್ತದೆ, ಎಂಜಿನ್ನೂ ಸ್ಟಾರ್ಟ್ ಆಗದಿದ್ದರೆ ಇಸಿಯುಗೆ ಕರೆಂಟ್ ಸಿಗುತ್ತಿಲ್ಲವೆಂಬ ಅನುಮಾನ ಬಲವಾಗುತ್ತದೆ. ಅದರದ್ದೇ ಫ್ಯೂಸ್, ರಿಲೇ, ಗ್ರೌಂಡ್ ನೋಡದೆ ಹೊಸ ಇಸಿಯು ತರಿಸಬೇಡಿ. ಎಂಜಿನ್ ಸಲೀಸಾಗಿ ಓಡುತ್ತಿದ್ದರೆ ಇಸಿಯು ಜೀವಂತವಾಗಿದೆ. ಪೋರ್ಟ್‌ವರೆಗಿನ ವೈರನ್ನೇ ಇನ್ನೊಮ್ಮೆ ಹುಡುಕಿ.

ಸಂಪರ್ಕ ಸಿಕ್ಕ ಕೂಡಲೇ ದೋಷದ ಕೋಡ್ ಅಳಿಸುವ ಬಟನ್ ಒತ್ತಬೇಡಿ. ಅಳಿಸಿದರೆ ದೋಷ ಕಾಣಿಸಿಕೊಂಡ ಕ್ಷಣದ ಎಂಜಿನ್ ವೇಗ, ತಾಪಮಾನಗಳ ದಾಖಲೆಯೂ ಅಳಿಸಿಹೋಗುತ್ತದೆ. ಎಲ್ಲವನ್ನೂ ಮೊದಲು ಬರೆದುಕೊಳ್ಳಿ, ಯು0100ರಂತೆ ‘ಯು’ ಇಂದ ಶುರುವಾಗುವ ಕೋಡ್‌ಗಳನ್ನಂತೂ ಬಿಡಬೇಡಿ. ಯಾವ ಮಾಡ್ಯೂಲ್ ಜಾಲದಿಂದ ಕಣ್ಮರೆಯಾಗಿತ್ತು ಎಂದು ಹೇಳುವುದು ಅವೇ.