ಕಡಲತೀರದ ರಜೆಗೆ ಸ್ಕೂಬಾ ಸೇರಿಸಬೇಕೆ?

ಸ್ಕೂಬಾ ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವುದು; ಒಂದು ಸಲದ ಇಳಿತವೇ ಒಂದು ಡೈವ್. ಮೊದಲು ವಾಪಸ್ ವಿಮಾನದ ಟಿಕೆಟ್ ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ನೀರಿನಡಿ ಉಸಿರಾಡಿದಾಗ ರಕ್ತದಲ್ಲಿ ಕರಗಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಬೇಕು. ಬೇಗನೆ ವಿಮಾನ ಹತ್ತಿದರೆ ಅದು ಗುಳ್ಳೆಗಟ್ಟಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೂ ಕಾಡಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಬಿಡುವು ಬೇಕು. ಕೊನೆಯ ದಿನ ಪೂರ್ತಿ ನೆಲದ ಮೇಲೇ ಇರುವುದು ಜಾಣತನ. ಎತ್ತರದ ಘಾಟಿ ದಾರಿಯ ಪ್ರಯಾಣಕ್ಕೂ ಇದೇ ಎಚ್ಚರ.

ರಜೆ ಮೂರ್ನಾಲ್ಕು ದಿನದ್ದಾದರೆ ಕೋರ್ಸಿನ ಆಸೆ ಬಿಡಿ. ಅರ್ಧ ದಿನದ ಪರಿಚಯ ಡೈವ್ ಸಾಕು. ಬೋಧಕರ ಜೊತೆ ಗರಿಷ್ಠ 12 ಮೀಟರ್ ಆಳ. 18 ಮೀಟರ್‌ವರೆಗೆ ಇಳಿಯಲು ಬೇಕಾದ ಆರಂಭಿಕ ಕೋರ್ಸಿನ ‘ಓಪನ್ ವಾಟರ್’ ಸರ್ಟಿಫಿಕೇಟ್‌ಗೆ 3–4 ದಿನ ಹೋಗುತ್ತದೆ. ಪಾಠದ ಭಾಗವನ್ನು ಊರಲ್ಲೇ ಆನ್‌ಲೈನ್‌ನಲ್ಲಿ ಮುಗಿಸಿಕೊಂಡರೆ ಒಂದು ದಿನ ಉಳಿದೀತು.

ಅಸ್ತಮಾ, ಹೃದ್ರೋಗ, ಕಿವಿಯ ಶಸ್ತ್ರಚಿಕಿತ್ಸೆ ಆಗಿದ್ದರೆ ಹೊರಡುವ ಮುನ್ನವೇ ವೈದ್ಯರ ಪತ್ರ ಪಡೆಯಿರಿ. ದೋಣಿ ಹತ್ತುವಾಗ ಕೊಡುವ ಆರೋಗ್ಯದ ಫಾರ್ಮ್‌ನಲ್ಲಿ ಸುಳ್ಳು ಬರೆಯಬೇಡಿ. ಗರ್ಭಿಣಿಯರಿಗೆ ಡೈವಿಂಗ್ ಬೇಡವೇ ಬೇಡ.

ಹೆಚ್ಚಿನವರ ಡೈವ್ ಕೆಡುವುದು ಕಿವಿಯಿಂದ; ಇಳಿದಂತೆ ನೀರಿನ ಒತ್ತಡಕ್ಕೆ ಕಿವಿ ಕಟ್ಟುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ: ಕಿವಿಯೊಳಗೆ ಟಪ್ ಎನ್ನಬೇಕು. ನೋವು ಬರುವವರೆಗೆ ಕಾಯದೆ, ಮೊದಲ ಮೀಟರಿನಿಂದಲೇ ಶುರುಮಾಡಿ. ಕಿವಿ ಬಿಡದಿದ್ದರೆ ಸ್ವಲ್ಪ ಮೇಲೆ ಬನ್ನಿ, ಜೋರಾಗಿ ಊದಬೇಡಿ. ನೆಗಡಿಯಿದ್ದರೆ ಆ ದಿನ ಬಿಟ್ಟುಬಿಡಿ. ಮಾತ್ರೆ ನುಂಗಿ ಇಳಿದರೆ, ಅದರ ಪ್ರಭಾವ ನೀರಿನಡಿಯೇ ಇಳಿದು, ಮೇಲೆ ಬರುವಾಗ ಒಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗಿ ಕಿವಿಯನ್ನು ಒಳಗಿನಿಂದ ಒತ್ತಬಹುದು. ಅದಕ್ಕೇ ಡೈವ್ ಅನ್ನು ರಜೆಯ ಮೊದಲರ್ಧದಲ್ಲಿಡಿ, ಮುಂದೂಡಲು ಜಾಗವಿರುತ್ತದೆ.

ಇನ್ನು, ಮೀನು ನೋಡುವುದಷ್ಟೇ ಆಸೆಯಾದರೆ ಸ್ನಾರ್ಕೆಲ್ (ಕೊಳವೆಯಲ್ಲಿ ಉಸಿರಾಡುತ್ತ ನೀರಿನ ಮೇಲೇ ತೇಲುವುದು) ಸಾಲದೇ? ಹವಳದ ಬಣ್ಣ ಮೇಲಿನ ನಾಲ್ಕೈದು ಮೀಟರಿನಲ್ಲೇ ಚೆಂದ; ಆಳಕ್ಕಿಳಿದಂತೆ ಮೊದಲು ಮಾಯವಾಗುವುದೇ ಕೆಂಪು.