ಕೌಟುಂಬಿಕ ಹಿಂಸೆಯ ದೂರು: ಬರೆಯುವ ಬಗೆ, ಹೊಳೆಯ ನೀರಿನಿಂದ ಕಾಪಾಡುವ ಬಗೆ

ರಾಯಚೂರು ಜಿಲ್ಲೆಯ ಕೃಷ್ಣಾ ತೀರದ ಹಳ್ಳಿಗಳಲ್ಲಿ ಗಂಡನ ಮನೆಯ ಹೊಡೆತ ಬಡಿತ ತಾಳಲಾರದೆ ದೂರು ಕೊಡಲು ಹೊರಟ ಹೆಣ್ಣುಮಕ್ಕಳ ಜೊತೆ ಕುಳಿತು ಅರ್ಜಿ ಬರೆಯುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ನ್ಯಾಯ ಅವರ ಕಡೆಗಿದ್ದೂ ಅರ್ಜಿ ಬಿದ್ದುಹೋದದ್ದನ್ನು ಕಂಡಿದ್ದೇನೆ. ಕಾರಣ ಹೆಚ್ಚಾಗಿ ಎರಡೇ: ಬರೆದದ್ದರಲ್ಲಿ ದಿನ, ಜಾಗಗಳ ಉಲ್ಲೇಖವಿರಲಿಲ್ಲ, ಇಲ್ಲವೇ ಆಧಾರದ ಕಾಗದಗಳು ಕೈಯಲ್ಲಿರಲಿಲ್ಲ. ಸ್ವಸಹಾಯ ಸಂಘದ ಗೆಳತಿಯಾಗಲಿ, ಆಶಾ ಕಾರ್ಯಕರ್ತೆಯಾಗಲಿ, ಓದು ಬಲ್ಲ ಮಗಳಾಗಲಿ ಮನಸ್ಸಿಟ್ಟರೆ ಇವೆರಡನ್ನೂ ಸರಿಪಡಿಸಬಹುದು.

ಜೀವಕ್ಕೆ ಅಪಾಯವಿದ್ದರೆ ಬರವಣಿಗೆಯನ್ನು ಬದಿಗಿಟ್ಟು ಮೊದಲು 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ಗಾಯವಾಗಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೊಡೆದವರು ಯಾರೆಂದು ವೈದ್ಯರಿಗೆ ತಿಳಿಸಿ, ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ, ಗಾಯದ ವೈದ್ಯಕೀಯ-ಕಾನೂನು ದಾಖಲೆ) ಮಾಡಿಸಿ. ಮರ್ಯಾದೆಗೆ ಅಂಜಿ ಹೇಳಿದ ‘ಮಾಳಿಗೆಯಿಂದ ಬಿದ್ದೆ’ ಎಂಬ ಒಂದು ಮಾತು ಆಸ್ಪತ್ರೆಯ ಚೀಟಿಯಲ್ಲಿ ಉಳಿದು, ಮುಂದೆ ಎದುರು ಪಕ್ಷದ ವಕೀಲರಿಗೆ ಆಸರೆಯಾಗುತ್ತದೆ.

ಇನ್ನು ಬರವಣಿಗೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅಂದರೆ ದೂರು ಪಡೆದು ನ್ಯಾಯಾಲಯಕ್ಕೆ ಮುಟ್ಟಿಸುವವರು. ಅವರು ಸಿದ್ಧಪಡಿಸುವ ಕೌಟುಂಬಿಕ ಘಟನಾ ವರದಿಯಲ್ಲಿ ಹಿಂಸೆ ನಡೆದ ದಿನಾಂಕ, ಸ್ಥಳ ಮತ್ತು ಸಮಯವನ್ನು ನಮೂದಿಸಬೇಕು. ಹೆಣ್ಣುಮಕ್ಕಳು ತಡವರಿಸುವುದು ಇಲ್ಲಿಯೇ. ನಮ್ಮ ಕಡೆಯವರಿಗೆ ತಾರೀಖು ನೆನಪಿರುವುದಿಲ್ಲ, ಆದರೆ ದಿನ ನೆನಪಿರುತ್ತದೆ: ಕಾರಹುಣ್ಣಿಮೆಯ ಮರುದಿನ, ಮೊಹರಂನಲ್ಲಿ ಅಲಾಯಿ ದೇವರು ಹೊಳೆಗೆ ಹೋದ ರಾತ್ರಿ, ಎಳ್ಳಮಾಸಿಗೆ ಚರಗ ಚೆಲ್ಲಿ ಬಂದ ಸಂಜೆ, ಶೀಲಹಳ್ಳಿ ಸೇತುವೆ ಮುಳುಗಿದ ವಾರ. ಆದ್ದರಿಂದ ‘ಯಾವ ತಾರೀಖು?’ ಎಂದು ಕೇಳಿ ಆಕೆಯನ್ನು ಗಾಬರಿಗೊಳಿಸದೆ, ‘ಆವತ್ತು ಹೊಲದಲ್ಲಿ ಏನು ಕೆಲಸ ನಡೆದಿತ್ತು, ಮನೆಗೆ ಯಾರು ಬಂದಿದ್ದರು?’ ಎಂದು ಕೇಳಬೇಕು; ಬಳಿಕ ಹಳೆಯ ಗೋಡೆ ಕ್ಯಾಲೆಂಡರನ್ನು ಹುಡುಕಿ ತಾರೀಖಿಗೆ ಹೊಂದಿಸಬೇಕು. ಹಬ್ಬ, ತಾರೀಖು ಎರಡನ್ನೂ ಬರೆಯಿರಿ. ಖಚಿತವಿಲ್ಲದ ಕಡೆ ‘ಸುಮಾರು’ ಎಂದು ಬರೆಯಿರಿ, ಊಹಿಸಿ ತುಂಬಬೇಡಿ.

ಎಲ್ಲವನ್ನೂ ಬರೆಯಹೋದರೆ ಮುಖ್ಯವಾದದ್ದೇ ಮರೆಯಾಗುತ್ತದೆ. ಮೊದಲ ಸಲದ್ದು, ಅತಿ ಘೋರವಾದದ್ದು, ಕೊನೆಯದ್ದು, ಈ ಮೂರು ಘಟನೆಗಳನ್ನು ಪೂರ್ತಿಯಾಗಿ ಬರೆಯಬೇಕೆಂಬುದು ನನ್ನ ಖಚಿತ ಸಲಹೆ. ಬಾರುಕೋಲಿನಿಂದ ಹೊಡೆದಿದ್ದರೆ ಬಾರುಕೋಲು ಎಂದೇ ಬರೆಯಬೇಕು. ಬೈಗುಳವನ್ನು ನಾಚಿಕೆಯಾದರೂ ಆಡಿದ ಹಾಗೆಯೇ ದಾಖಲಿಸಬೇಕು. ಕಂಪ್ಯೂಟರ್ ಅಂಗಡಿಗಳಲ್ಲಿ ಹೆಸರು ಮಾತ್ರ ಬದಲಿಸಿ ಕೊಡುವ ಸಿದ್ಧ ದೂರನ್ನು ದಯವಿಟ್ಟು ಕೊಳ್ಳಬೇಡಿ. ‘ದೈಹಿಕ ಹಾಗೂ ಮಾನಸಿಕ ಕಿರುಕುಳ ನೀಡಿರುತ್ತಾರೆ’ ಎಂಬ ಒಂದೇ ವಾಕ್ಯ ಹತ್ತು ಹೆಣ್ಣುಮಕ್ಕಳ ಅರ್ಜಿಯಲ್ಲಿದ್ದರೆ ಹತ್ತೂ ಅರ್ಜಿಗಳ ಬಲ ಕುಂದುತ್ತದೆ. ದೂರದೂರಿನಲ್ಲಿರುವ ನಾದಿನಿಯನ್ನೂ ಆರೋಪಿಯಾಗಿ ಸೇರಿಸುವ ಸಲಹೆಗೆ ಕಿವಿಗೊಡಬೇಡಿ. ಒಂದು ಸುಳ್ಳು ಉಳಿದ ನಿಜಗಳನ್ನೂ ಕೆಡಿಸುತ್ತದೆ.

ಕೂಲಿ ಹಣ ಕಸಿಯುವುದು, ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಖಾತೆಯ ಎಟಿಎಂ ಕಾರ್ಡನ್ನು ಗಂಡನೇ ಇಟ್ಟುಕೊಳ್ಳುವುದು, ತವರಿನವರು ಹಾಕಿದ ಬಂಗಾರವನ್ನು ಕೇಳದೆ ಅಡವಿಡುವುದು ಆರ್ಥಿಕ ಹಿಂಸೆ. ಇದನ್ನು ಬಹುತೇಕರು ಬರೆಯುವುದೇ ಇಲ್ಲ. ಕೊನೆಗೆ, ಬೇಕಾದದ್ದೇನೆಂದು ಸ್ಪಷ್ಟವಾಗಿ ಕೇಳಬೇಕು: ಹೊಡೆಯದಂತೆ ರಕ್ಷಣಾ ಆದೇಶ, ಅದೇ ಮನೆಯಲ್ಲಿ ಇರುವ ಹಕ್ಕು, ಜೀವನಾಂಶ, ಮಕ್ಕಳ ಸುಪರ್ದು. ‘ಬುದ್ಧಿ ಹೇಳಿಸಿ’ ಎಂದಷ್ಟೇ ಬರೆದರೆ ಬುದ್ಧಿಮಾತಷ್ಟೇ ಸಿಗುತ್ತದೆ. ಬರೆದದ್ದನ್ನು ಆಕೆಗೆ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು.

ಅರ್ಜಿಯನ್ನು ತವರಿನ ವ್ಯಾಪ್ತಿಯ ನ್ಯಾಯಾಲಯದಲ್ಲೂ ಸಲ್ಲಿಸಬಹುದು, ಏಕೆಂದರೆ ತಾತ್ಕಾಲಿಕವಾಗಿ ನೆಲೆಸಿರುವ ಊರನ್ನೂ ಕಾಯ್ದೆ ಒಪ್ಪುತ್ತದೆ. ಆದಾಯ ಎಷ್ಟೇ ಇರಲಿ, ಮಹಿಳೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತವಾಗಿ ವಕೀಲರು ದೊರೆಯುತ್ತಾರೆ, ಸಹಾಯವಾಣಿ 15100. ಊರ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಮುಚ್ಚಳಿಕೆ ಬರೆಸಿಕೊಂಡು ಸುಮ್ಮನಾಗುವುದನ್ನು ನಾನು ಒಪ್ಪುವುದಿಲ್ಲ. ಅದನ್ನು ಮುರಿದವನಿಗೆ ಈ ಕಾಯ್ದೆಯಡಿ ಶಿಕ್ಷೆಯಿಲ್ಲ; ನ್ಯಾಯಾಲಯದ ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು.

ಉಳಿದದ್ದು ಕಾಗದಗಳ ಕಾವಲು. 2009ರ ಮತ್ತು 2019ರ ನೆರೆಗಳನ್ನು ಕಂಡ ಈ ಭಾಗದಲ್ಲಿ ಮನೆಯೊಳಗಿನ ಪೆಟ್ಟಿಗೆಯನ್ನು ನಂಬುವಂತಿಲ್ಲ. ಹೊಡೆಯುವ ಗಂಡನಿರುವ ಮನೆಯಲ್ಲಂತೂ ಮಳೆಗಾಲಕ್ಕೆ ಕಾಯದೆಯೂ ಕಾಗದ ಒಲೆ ಸೇರಬಹುದು. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಮದುವೆಯ ಕರೆಯೋಲೆ, ಮಕ್ಕಳ ಜನನ ಪ್ರಮಾಣಪತ್ರ, ಆಸ್ಪತ್ರೆಯ ಚೀಟಿ, ದೂರಿನ ಸ್ವೀಕೃತಿ ಇವುಗಳ ಎರಡು ಜೆರಾಕ್ಸ್ ಪ್ರತಿ ಮಾಡಿಸಿ, ಒಂದನ್ನು ತವರಿನಲ್ಲಿ, ಇನ್ನೊಂದನ್ನು ಎತ್ತರದ ಓಣಿಯ ನಂಬಿಕಸ್ಥರಲ್ಲಿ ಇಡಬೇಕು. ಸಂತೆಯ ತೆಳು ಪ್ಲಾಸ್ಟಿಕ್ ಚೀಲ ಮಡಿಕೆಯಲ್ಲೇ ಸೀಳುತ್ತದೆ. ತಿರುಪಿನ ಮುಚ್ಚಳದ ಅಗಲ ಬಾಯಿಯ ಡಬ್ಬಿಯೇ ಮೇಲು. ಅಸಲು ಪ್ರತಿಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಅಂಟಿದ ಹಾಳೆಯನ್ನು ಬಿಡಿಸಲಾಗದು. ಮೊಬೈಲಿನಲ್ಲಿ ತೆಗೆದ ಗಾಯದ ಚಿತ್ರಗಳನ್ನು ನಂಬಿದವರಿಗೆ ಕಳುಹಿಸಿಡಿ.

ನಾರಾಯಣಪುರ ಅಣೆಕಟ್ಟೆಯಿಂದ ನೀರು ಬಿಟ್ಟು ಊರಿನವರು ಕಾಳಜಿ ಕೇಂದ್ರಕ್ಕೆ (ನೆರೆ ಸಂತ್ರಸ್ತರ ತಾತ್ಕಾಲಿಕ ಆಸರೆಗೆ) ಹೋಗಬೇಕಾಗಿ ಬಂದರೆ, ಹೊಡೆಯುವವನಿರುವ ಕೋಣೆಯಲ್ಲಿ ಮಲಗಲಾರೆನೆಂದು ಅಲ್ಲಿನ ಅಧಿಕಾರಿಗೆ ಮೊದಲ ದಿನವೇ ತಿಳಿಸಿ, ಬೇರೆ ಕೋಣೆ ಕೇಳಬೇಕು. ರಕ್ಷಣಾ ಆದೇಶವಿದ್ದರೆ ಅದರ ಪ್ರತಿಯನ್ನೂ ಜೊತೆಗೆ ಒಯ್ದು ತೋರಿಸಿ. ಆದೇಶದ ಪ್ರತಿಯನ್ನು ನ್ಯಾಯಾಲಯ ಉಚಿತವಾಗಿ ಕೊಡುತ್ತದೆ.