ಡಕ್ಟಿನ ಹನ್ನೊಂದನೇ ಪೋರ್ಟು: ವೈಫೈ ಇದ್ದೂ ನೆಟ್ ಇಲ್ಲದ ಕೇಸು

'ಕನೆಕ್ಟೆಡ್, ನೋ ಇಂಟರ್ನೆಟ್' ಅಂತ ಫೋನ್ ತೋರಿಸಿದ ಕೂಡಲೇ ರೌಟರಿಗೆ ಪಿನ್ ಚುಚ್ಚಿ ರೀಸೆಟ್ ಮಾಡುವುದನ್ನು ನಾನು ಬಿಟ್ಟು ನಾಲ್ಕೈದು ವರ್ಷ ಆಯಿತು. ರೀಸೆಟ್ ಮಾಡಿದರೆ ನೆಟ್ ಕೊಡುವ ಆಪರೇಟರಿನ ಲೈನಿಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್, ಆ ಲೈನಿನ ಗುರುತಾದ ವಿಲ್ಯಾನ್ ನಂಬರ್ ಎಲ್ಲ ಹೋಗುತ್ತದೆ. ರವಿವಾರ ಸಂಜೆ ಅದನ್ನು ಕೊಡಬೇಕಾದವರು ಫೋನ್ ಎತ್ತುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ದೋಷ ಎಲ್ಲಿತ್ತು ಅನ್ನುವ ಗುರುತೂ ಅದರ ಜೊತೆಗೇ ಅಳಿಸಿಹೋಗುತ್ತದೆ.

ನಾನು ಮೊದಲು ನೋಡುವುದು ಐಪಿ (ನೆಟ್‌ವರ್ಕಿನಲ್ಲಿ ಆ ಸಾಧನದ ವಿಳಾಸ), ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಮನೆಯಲ್ಲಿ ರೌಟರ್), ಮತ್ತು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ 'ipconfig /all' ಕಮಾಂಡ್ ಕೊಟ್ಟಾಗ ಬರುವ 'ಡಿಎಚ್‌ಸಿಪಿ ಸರ್ವರ್' ಸಾಲು, ಅಂದರೆ ಐಪಿ ಹಂಚಿದ್ದು ಯಾರು ಅನ್ನುವುದು. ಈ ಸಾಲನ್ನು ನೆಟ್ ರಿಪೇರಿಯ ನಮ್ಮ ಕೆಲಸದವರಲ್ಲಿ ಹೆಚ್ಚಿನವರು ಓದುವುದೇ ಇಲ್ಲ. 169.254 ಬಂದರೆ ಐಪಿ ಕೊಡುವವರೇ ಇಲ್ಲ. ಸರಿಯಾದ ಐಪಿ ಬಂದು, ಗೇಟ್‌ವೇ ಪಿಂಗ್ ಆಗಿ (ಕೇಳಿದ್ದಕ್ಕೆ ಉತ್ತರ ಕೊಟ್ಟು), ಗೂಗಲ್‌ನ 8.8.8.8 ಆಗದಿದ್ದರೆ ತೊಂದರೆ ರೌಟರಿನಿಂದ ಹೊರಗಡೆ. 8.8.8.8 ಪಿಂಗ್ ಆಗಿಯೂ ಪೇಜ್ ತೆರೆಯದಿದ್ದರೆ ತೊಂದರೆ ಸೈಟಿನ ಹೆಸರನ್ನು ಐಪಿಗೆ ಬದಲಿಸುವ ಡಿಎನ್‌ಎಸ್‌ನದು. ಇಷ್ಟು ಎಲ್ಲರಿಗೂ ಗೊತ್ತು. ಐಪಿ ಸರಿಯಾಗಿಯೇ ಕಾಣುತ್ತದೆ, ಆದರೆ ಕೊಟ್ಟವನು ಬೇರೆ ಯಾರೋ ಆಗಿದ್ದಾಗ ಎಲ್ಲರೂ ಎಡವುತ್ತಾರೆ.

ಮುಂಬೈ ಹತ್ತಿರದ ಡೊಂಬಿವಲಿ ಈಸ್ಟಿನ ಒಂದು ಹಳೆಯ ಬಿಲ್ಡಿಂಗು, ನಾಲ್ಕು ಮಹಡಿ. ಮೆಟ್ಟಿಲ ಪಕ್ಕದ ಡಕ್ಟಿನಲ್ಲಿ (ಕೇಬಲ್ ಹಾಯುವ ಕಿಂಡಿ) ಆಪರೇಟರಿನ ಸಾದಾ 16 ಪೋರ್ಟ್ ಸ್ವಿಚ್ (ಒಂದು ಲೈನನ್ನು ಹಲವು ಕೇಬಲ್ಲಿಗೆ ಹಂಚುವ ಡಬ್ಬಿ), ಅಲ್ಲಿಂದ ಮನೆಮನೆಗೆ ಲ್ಯಾನ್ ಕೇಬಲ್. ಪಿಪಿಪಿಒಇ ಇಲ್ಲ, ರೌಟರಿನ ವ್ಯಾನ್ (ಹೊರಗಿನ ಲೈನಿನ) ಪೋರ್ಟಿಗೆ ನೇರ ಡಿಎಚ್‌ಸಿಪಿ. ಕರೆಂಟ್ ಹೋಗಿ ಬಂದಾಗಲೆಲ್ಲ ಮೂರನೇ ಮಹಡಿಯ ಒಂದು ಮನೆಯಲ್ಲಿ ವೈಫೈ ಇದ್ದೂ ನೆಟ್ ಇರುತ್ತಿರಲಿಲ್ಲ. ನಾನು ಹೋಗುವ ಮೊದಲೇ ಅವರು ಎರಡು ರೌಟರ್ ಬದಲಿಸಿದ್ದರು: ಒಂದು ಸುಮಾರು 1,300, ಇನ್ನೊಂದು ಎರಡು ಸಾವಿರದ ಚಿಲ್ಲರೆ. 'ಲೈನ್ ಬರೋಬ್ಬರಿ ಇದೆ, ಮೂರನೇ ರೌಟರ್ ಹಾಕಿ' ಅನ್ನುವುದು ಆಪರೇಟರಿನ ಹುಡುಗನ ಮಾತು.

ಮೊದಲ ದಿನ ನಾನೂ ಸೋತೆ. ರೌಟರಿನ ಸ್ಟೇಟಸ್ ಪೇಜಿನಲ್ಲಿ ವ್ಯಾನ್ ಐಪಿ 192.168.0.104, ಒಳಗಿನ ಲ್ಯಾನೂ 192.168.0 ಸಾಲಿನದೇ. ಎರಡೂ ಕಡೆ ಒಂದೇ ಸಾಲು ಇರುವುದರಿಂದಲೇ ಗಂಟುಬಿದ್ದಿದೆ ಅಂತ ಲ್ಯಾನನ್ನು 192.168.10.1ಕ್ಕೆ ಬದಲಿಸಿದೆ. ರೌಟರ್ ತೋರಿಸುತ್ತಿದ್ದ ವಾರ್ನಿಂಗ್ ಹೋಯಿತು, ನೆಟ್ ಬರಲಿಲ್ಲ. ಮ್ಯಾಕ್ ಕ್ಲೋನ್ ಮಾಡಿದೆ (ರೌಟರಿಗೆ ಬೇರೆ ಸಾಧನದ ಹಾರ್ಡ್‌ವೇರ್ ಗುರುತು ಕೊಟ್ಟೆ), ಅದೂ ಆಗಲಿಲ್ಲ. ಎರಡು ತಾಸು ದಂಡ, ಆ ದಿನದ ದುಡ್ಡು ತೆಗೆದುಕೊಳ್ಳಲಿಲ್ಲ.

ಆಪರೇಟರ್ ಕೊಡುವುದು 10ರಿಂದ ಶುರುವಾಗುವ ಐಪಿ. ಹಾಗಾದರೆ ಈ 192.168 ಬಂದದ್ದು ಎಲ್ಲಿಂದ? ಅದೇ ಸ್ವಿಚ್ಚಿನಲ್ಲಿ ಯಾರೋ ತಮ್ಮ ರೌಟರನ್ನು ತಿರುಗಾಮುರುಗಾ ಸಿಕ್ಕಿಸಿದ್ದಾರೆ, ಹೊರಗಿನ ಕೇಬಲ್ ಲ್ಯಾನ್ ಪೋರ್ಟಿಗೆ ಹೋಗಿದೆ ಅಂತ ನಾನು ಹೇಳಿದಾಗ ನನ್ನ ಜೊತೆ ಕೆಲಸ ಮಾಡುವವರೂ ನಂಬಲಿಲ್ಲ. ಡಿಎಚ್‌ಸಿಪಿಯಲ್ಲಿ ಸಾಮಾನ್ಯವಾಗಿ ಮೊದಲು ಉತ್ತರ ಕೊಟ್ಟವನೇ ಗೆಲ್ಲುತ್ತಾನೆ. ಆಪರೇಟರಿನ ಸರ್ವರ್ ದೂರ, ಪಕ್ಕದ ಮನೆಯ ರೌಟರ್ ಹತ್ತಿರ. ಒಮ್ಮೆ ಸಿಕ್ಕ ಲೀಸನ್ನು (ಐಪಿ ಇಟ್ಟುಕೊಳ್ಳುವ ಗಡುವನ್ನು) ಅರ್ಧ ಅವಧಿ ಕಳೆದಾಗ ಅದೇ ಸರ್ವರಿನ ಹತ್ತಿರವೇ ರಿನ್ಯೂ ಮಾಡಿಸಿಕೊಳ್ಳುವುದರಿಂದ ಸರಿಯಾದದ್ದು ಸಿಕ್ಕಿದ ಮನೆ ವಾರಗಟ್ಟಲೆ ಸರಿಯಾಗಿಯೇ ನಡೆಯುತ್ತದೆ. ಕರೆಂಟ್ ಹೋಗಿ ಬಂದಾಗ ಎಲ್ಲರೂ ಒಟ್ಟಿಗೆ ಕೇಳುತ್ತಾರೆ, ಆಗ ಕೆಡುತ್ತದೆ.

ಎರಡನೇ ಸಲ ಆಪರೇಟರಿನ ಹುಡುಗನನ್ನು ಜೊತೆಗೆ ನಿಲ್ಲಿಸಿಕೊಂಡು, ನೆಟ್ ಬಳಕೆ ಕಡಿಮೆ ಇರುವ ಮಧ್ಯಾಹ್ನ ಎರಡು ಗಂಟೆಗೆ ಡಕ್ಟ್ ತೆರೆದೆವು. ಲ್ಯಾಪ್‌ಟಾಪಿಗೆ ಕೈಯಾರೆ 192.168.0.50 ಕೊಟ್ಟೆ. ಆಟೋಮ್ಯಾಟಿಕ್‌ನಲ್ಲಿ ಬಿಟ್ಟರೆ ನಡುವೆ ಐಪಿ ಬದಲಾಗಿ ದಾರಿ ತಪ್ಪುತ್ತದೆ. ಖಾಲಿ ಪೋರ್ಟಿಗೆ ಸಿಕ್ಕಿಸಿ 192.168.0.1ಕ್ಕೆ ಬಿಡದೆ ಪಿಂಗ್ ಹಾಕಿದೆ. ಉತ್ತರ ಬಂತು, ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಅಂದರೆ ಇದೇ ಬಿಲ್ಡಿಂಗು. ಆಮೇಲೆ ಒಂದೊಂದೇ ಕೇಬಲ್ ಎಳೆದು, ನಾಲ್ಕು ಪಿಂಗ್ ಎಣಿಸಿ, ವಾಪಸ್ ಹಾಕುವುದು. ಹನ್ನೊಂದನೆಯದು ಎಳೆದಾಗ 'ರಿಕ್ವೆಸ್ಟ್ ಟೈಮ್ಡ್ ಔಟ್'. ಹಾಕಿದಾಗ ಮತ್ತೆ ಉತ್ತರ. ಮೂರು ಸಲ ಮಾಡಿ ತೋರಿಸಿದ ಮೇಲೆ ಹುಡುಗ ಮಾತಾಡಲಿಲ್ಲ.

ಅದು ಎರಡನೇ ಮಹಡಿಯ ಹೊಸ ಬಾಡಿಗೆದಾರರ ಕೇಬಲ್. ಮನೆಗೆ ಹೋಗಿ ನೋಡಿದರೆ ಹಳದಿ ಪೋರ್ಟಿನಲ್ಲಿ ಹೊರಗಿನ ಕೇಬಲ್, ನೀಲಿ ವ್ಯಾನ್ ಪೋರ್ಟ್ ಖಾಲಿ. ಹಳದಿಯಿಂದ ತೆಗೆದು ನೀಲಿಗೆ ಹಾಕಿದೆವು, ಮೂರನೇ ಮಹಡಿಯ ರೌಟರ್ ರೀಸ್ಟಾರ್ಟ್ ಮಾಡಿದೆವು, ವ್ಯಾನ್‌ನಲ್ಲಿ 10ರ ಐಪಿ ಬಂತು. ನನ್ನ ಬಿಲ್ಲು 800. ಅದಾದ ಮೇಲೆ ಇದೇ ದಾರಿಯಲ್ಲಿ ಠಾಣೆ, ಮುಲುಂಡ್ ಕಡೆ ಆರೇಳು ಬಿಲ್ಡಿಂಗು ಸರಿಮಾಡಿದ್ದೇನೆ. ಕೇಬಲ್ ಎಳೆಯದೆ ಮನೆ ಹುಡುಕುವ ಇನ್ನೊಂದು ದಾರಿಯೂ ಇದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ. ಕೆಲವು ಸ್ವಿಚ್ಚುಗಳಲ್ಲಿ ವಿಲ್ಯಾನ್ ಅಥವಾ ಐಸೋಲೇಶನ್ ಅಂತ ಬರೆದ ಚಿಕ್ಕ ಗುಂಡಿ ಇರುತ್ತದೆ. ಅದನ್ನು ಸರಿಸಿದರೆ ಒಂದು ಮನೆ ಇನ್ನೊಂದಕ್ಕೆ ಕಾಣುವುದಿಲ್ಲ, ಈ ರೋಗ ಬರುವುದೇ ಇಲ್ಲ. ಆಪರೇಟರಿನಿಂದ ಬರುವ ಅಪ್‌ಲಿಂಕ್ ಕೇಬಲ್ ಯಾವ ಪೋರ್ಟಿನಲ್ಲಿ ಇರಬೇಕು ಅಂತ ಮಾತ್ರ ಮೊದಲು ನೋಡಿಕೊಳ್ಳಿ.

ಮನೆಯೊಳಗೂ ಇದೇ ಕಥೆ. ಫೈಬರ್ ಬಾಕ್ಸಿನ ಜೊತೆ ಬೆಡ್‌ರೂಮಿಗೆ ಹಳೆಯ ರೌಟರ್ ಹಾಕುವಾಗ ಕ್ರಮ ತಪ್ಪಬಾರದು: ಫೈಬರ್ ಬಾಕ್ಸಿನ ಐಪಿ 192.168.1.1 ಇದ್ದರೆ ಮೊದಲು ಹಳೆಯ ರೌಟರಿನ ಐಪಿ 192.168.1.2 ಮಾಡಿ, ಆಮೇಲೆ ಡಿಎಚ್‌ಸಿಪಿ ಆಫ್, ಕೊನೆಗೆ ಲ್ಯಾನ್ ಪೋರ್ಟಿಗೆ ಕೇಬಲ್. ಆ .2 ಫೈಬರ್ ಬಾಕ್ಸಿನ ಡಿಎಚ್‌ಸಿಪಿ ಪೂಲಿನ (ಅದು ತಾನಾಗಿ ಹಂಚುವ ಐಪಿಗಳ) ಹೊರಗಿರಬೇಕು. ಡಿಎಚ್‌ಸಿಪಿ ಮೊದಲೇ ಆಫ್ ಮಾಡಿದರೆ ಆ ರೌಟರಿನ ಪೇಜ್ ತೆರೆಯಲು ನಿಮಗೇ ಐಪಿ ಸಿಗುವುದಿಲ್ಲ.

ಒಂದೇ ಫೋನಿಗೆ ನೆಟ್ ಇಲ್ಲ, ಉಳಿದವಕ್ಕೆಲ್ಲ ಇದೆ ಅಂದರೆ ರೌಟರ್ ಮುಟ್ಟಬೇಡಿ. ಆಂಡ್ರಾಯ್ಡ್ 9ರಿಂದ ಬಂದ ಪ್ರೈವೇಟ್ ಡಿಎನ್‌ಎಸ್‌ನಲ್ಲಿ ಜಾಹೀರಾತು ತಡೆಯುವ ಯಾವುದೋ ಹೆಸರು ಬರೆದಿಟ್ಟಿರುತ್ತಾರೆ, ಅದು ನಿಂತರೆ ಫೋನಿನ ನೆಟ್ಟೂ ನಿಲ್ಲುತ್ತದೆ. 'ಆಟೋಮ್ಯಾಟಿಕ್' ಮಾಡಿದರೆ ಮುಗಿಯಿತು.

ಅಡಾಪ್ಟರಿನ ಮೇಲೆ ಮಾಡಿದ ಒಂದು ಪ್ರಯೋಗ ಈಗ ನನ್ನ ಚೀಲದ ಕಾಯಂ ಸಾಮಾನು. ಫೈಬರ್ ಬಾಕ್ಸ್ ಬೇರೆ, ರೌಟರ್ ಬೇರೆ ಇದ್ದ ಮನೆಯಲ್ಲಿ ಫೈಬರ್ ಬಾಕ್ಸಿನ ಅಡಾಪ್ಟರ್ ಸೋತರೆ ರೌಟರ್ ಐಪಿ ಕೊಡುತ್ತಲೇ ಇರುತ್ತದೆ, ನೆಟ್ ಮಾತ್ರ ಇರುವುದಿಲ್ಲ. ಮೀಟರ್ ಹಿಡಿದರೆ 12.1 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ, ಏಕೆಂದರೆ ಕರೆಂಟ್ ಎಳೆಯುವ ಲೋಡ್ ಇಲ್ಲ. ಸ್ಕೂಟರಿನ 12 ವೋಲ್ಟ್ 10 ವ್ಯಾಟ್ ಇಂಡಿಕೇಟರ್ ಬಲ್ಬಿಗೆ ಅಡಾಪ್ಟರಿನ ಪಿನ್ ಕೂರುವ ಹೆಣ್ಣು ಡಿಸಿ ಜ್ಯಾಕ್ ಬೆಸೆದಿಟ್ಟಿದ್ದೇನೆ, ಅದು ಸುಮಾರು 0.8 ಆಂಪಿಯರ್ ಎಳೆಯುತ್ತದೆ. ಹೊತ್ತಿಸಿದ ಮೊದಲ ಕ್ಷಣ ತಣ್ಣನೆಯ ಫಿಲಮೆಂಟ್ ಜಾಸ್ತಿ ಎಳೆಯುತ್ತದೆ, ಮೂರು ಸೆಕೆಂಡ್ ಬಿಟ್ಟು ಓದಿ. 11.7ರ ಮೇಲೆ ನಿಂತರೆ ನಾನು ಒಪ್ಪುತ್ತೇನೆ. ಒಂದರಲ್ಲಿ 9.6ಕ್ಕೆ ಕುಸಿಯಿತು. ಬಿಚ್ಚಿದರೆ ಔಟ್‌ಪುಟ್ಟಿನ ಕೆಪ್ಯಾಸಿಟರ್ ತಲೆ ಉಬ್ಬಿತ್ತು. ಹತ್ತು ರೂಪಾಯಿಯ ಕೆಪ್ಯಾಸಿಟರ್ ಹಾಕಿ ನಡೆಸಿ ನೋಡಿದೆ, ನಡೆಯಿತು. ಆದರೆ ಗಿರಾಕಿಯ ಮನೆಗೆ ಲ್ಯಾಮಿಂಗ್ಟನ್ ರೋಡಿನಿಂದ 200ರ ಆಸುಪಾಸಿನ ಹೊಸ ಅಡಾಪ್ಟರ್ ತಂದೇ ಹಾಕುತ್ತೇನೆ, 12 ವೋಲ್ಟ್ 2 ಆಂಪಿಯರ್, ಬಲ್ಬಿಗೆ ಸಿಕ್ಕಿಸಿ ಅಂಗಡಿಯಲ್ಲೇ ನೋಡಿದ ಮೇಲೆ.